ಮಾವನ ಎಂ.ವಿ.ಪಿ.

ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಸೊಟ್ಟಗಾಗಿ ಹೊರಕ್ಕೆ ತಿರುಗಿತ್ತು. ಕಾಫಿಯ ಲೋಟ ಹಿಡಿದರೆ ಉಳಿದ ಬೆರಳುಗಳೆಲ್ಲ ಲೋಟದ ಸುತ್ತ ಇರುತ್ತಿದ್ದವು; ಇದೊಂದು ಮಾತ್ರ ತನಗೆ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಕಡೆ ನೋಡುತ್ತಿತ್ತು. ಧಾರವಾಡದಲ್ಲಿ ಕಾಲೇಜು ಓದುವಾಗ ಬ್ಯಾಸ್ಕೆಟ್‌ಬಾಲ್ ಬಡಿದು ಮುರಿದದ್ದಂತೆ. ಪಂದ್ಯ ಮುಗಿಯುವ ತನಕ ಯಾರಿಗೂ ಹೇಳದೆ ಆಡಿದರು. ಆಮೇಲೆ ಯಾರೋ ಪಟ್ಟಿ ಕಟ್ಟಿದರು, ಅದು ಹಾಗೇ ಕೂಡಿಕೊಂಡಿತು. ತಿರುವನಂತಪುರಕ್ಕೆ ಬಂದು ಬಾಹ್ಯಾಕಾಶ ಕೇಂದ್ರದಲ್ಲಿ ಇಡೀ ನೌಕರಿಯ ಕಾಲ ಕಳೆದರು. ಯಾರಾದರೂ ರಾಕೆಟ್ಟಿನ ಬಗ್ಗೆ ಕೇಳಿದರೆ ಎರಡು ಮಾತು ಹೇಳಿ ಮುಗಿಸುತ್ತಿದ್ದರು. ಬೆರಳಿನ ಬಗ್ಗೆ ಕೇಳಿದರೆ ಆ ಪಂದ್ಯದ ಪ್ರತಿ ನಿಮಿಷವನ್ನೂ ಹೇಳುತ್ತಿದ್ದರು.

ಅವರು ನನ್ನ ಮಾವ. ಕಾನೂನಿನ ಪ್ರಕಾರ ಕೆಲವೇ ವರ್ಷ ಮಾವನಾಗಿದ್ದವರು. ನಾನು ಹಾಗೆ ಕರೆದದ್ದು ಮಾತ್ರ ಕೊನೆಯವರೆಗೂ.

ಮದುವೆಯಾಗಿ ತಿರುವನಂತಪುರದ ಶ್ರೀಕಾರ್ಯಂನಲ್ಲಿದ್ದ ಅವರ ಮನೆಗೆ ಮೊದಲ ಸಲ ಹೋದ ಮರುದಿನದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಅತ್ತೆ ಪೂಜೆಗೆ ಕೂತಿದ್ದರು. ನನ್ನ ಗಂಡ ಇನ್ನೂ ಎದ್ದಿರಲಿಲ್ಲ. ನಡುಮನೆಯಲ್ಲಿ ಮಾವ ಕೂರುವ ಬೆತ್ತದ ಮೋಡಾ ಒಂದನ್ನು ಟಿವಿಯ ಮುಂದಕ್ಕೇ ಎಳೆದುಕೊಂಡು, ಪೂಜೆಗೆ ತೊಂದರೆಯಾಗದಂತೆ ಸದ್ದು ಪೂರಾ ಇಳಿಸಿ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನ ಪಂದ್ಯ ನೋಡುತ್ತಿದ್ದರು. ಅಲ್ಲಿಯ ರಾತ್ರಿಯ ಆಟ ನಮಗೆ ಬೆಳಗಿನ ಹೊತ್ತಿಗೆ ಬರುತ್ತದೆ. ಹೊಸ ಸೊಸೆ ಏನು ಮಾಡಬೇಕೆಂದು ತೋಚದೆ ನಾನು ಬಾಗಿಲ ಬಳಿ ನಿಂತಿದ್ದೆ. ಅವರು ತಿರುಗಿ ನೋಡಿ, ಮೇಜಿನ ಮೇಲಿದ್ದ ಕಿತ್ತಳೆ ಹಣ್ಣೊಂದನ್ನು ಎತ್ತಿ, ಏನೂ ಹೇಳದೆ ನನ್ನತ್ತ ಎಸೆದರು. ನಾನು ಹಿಡಿದೆ.

ಅವರ ಮುಖ ಅರಳಿತು. "ಆಡ್ತಿದ್ದೇನವಾ ನೀ?"

"ಮೈಸೂರಲ್ಲಿ, ಕಾಲೇಜ್ ಟೀಮಲ್ಲಿ. ಹೇಗೆ ಗೊತ್ತಾಯ್ತು ಮಾವ?"

"ಎರಡೂ ಕೈ ಎದಿ ಮುಂದ ತಂದು, ಹೆಬ್ಬೆಟ್ಟು ಹಿಂದ ಇಟ್ಟು ಹಿಡದಿ. ಹಂಗ ಹಣ್ಣು ಹಿಡಿಯೋರು ಬ್ಯಾರೆ ಯಾರೂ ಇಲ್ಲ. ಬಾ, ಕೂಡು."

ಕೂತೆ. ಆ ವರ್ಷದ ಎಂ.ವಿ.ಪಿ. ಯಾರಾಗಬೇಕು ಎಂದು ಕೇಳಿದರು. ಮೋಸ್ಟ್ ವ್ಯಾಲ್ಯುಯಬಲ್ ಪ್ಲೇಯರ್, ಸೀಸನ್ನಿನ ಅತಿ ಮುಖ್ಯ ಆಟಗಾರನಿಗೆ ಅಲ್ಲಿ ಕೊಡುವ ಬಿರುದು ಅದು. ಪತ್ರಕರ್ತರು ಮತ ಹಾಕಿ ಆರಿಸುತ್ತಾರೆ. ನಾನು ಥಟ್ಟನೆ ಒಬ್ಬನ ಹೆಸರು ಹೇಳಿದೆ. ಚೆಂಡು ತಟ್ಟುತ್ತ ಆಟ ನಡೆಸುವ ಗಾರ್ಡ್, ತೆಳ್ಳಗಿನ ಹುಡುಗ, ಎಲ್ಲಿಂದ ನುಗ್ಗಿ ಎಲ್ಲಿ ಹೊರಬರುತ್ತಾನೆಂದು ಎದುರಾಳಿಗೆ ತಿಳಿಯುವಷ್ಟರಲ್ಲಿ ಚೆಂಡು ಬುಟ್ಟಿಯಲ್ಲಿರುತ್ತಿತ್ತು. ಮಾವ ತಲೆಯಾಡಿಸಿ, "ಯಾಕ?" ಎಂದರು.

ಮಾವ ಎಂದರೆ ನನಗೆ ಮೊದಲು ನೆನಪಾಗುವುದು ಈ "ಯಾಕ?". ಕೇಳುವವರು ಬಹಳ ಜನ ಇರುತ್ತಾರೆ, ನಾವು ಬಾಯಿ ತೆರೆಯುವಷ್ಟರಲ್ಲಿ ತಮ್ಮದನ್ನು ಹೇಳಲು ಶುರುಮಾಡುತ್ತಾರೆ. ಮಾವ ಕೇಳಿ ಸುಮ್ಮನಾಗುತ್ತಿದ್ದರು. ಟಿವಿಯಿಂದ ಮುಖ ತಿರುಗಿಸಿ, ಹೆಗಲ ಮೇಲಿನ ಟವೆಲನ್ನು ತೊಡೆಗೆ ಇಳಿಸಿಕೊಂಡು, ನಾನು ಕಾರಣ ಹುಡುಕಿ, ತಡವರಿಸಿ, ಹೇಳಿ ಮುಗಿಸುವ ತನಕ ಕಾಯುತ್ತಿದ್ದರು. ಆಫೀಸಿನಲ್ಲಿ ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೇನೆ. ಅಷ್ಟು ತಾಳ್ಮೆಯಿಂದ ನನ್ನ ಕಾರಣಕ್ಕಾಗಿ ಕಾದವರನ್ನು ನಾನು ಮತ್ತೆ ಕಂಡಿಲ್ಲ.

ಅವರ ಆಯ್ಕೆ ಬೇರೆಯದು. ಬುಟ್ಟಿಯ ಬುಡದಲ್ಲಿ ನಿಂತು ಆಡುವ, ಬೆಟ್ಟದಂಥ ಮೈಯ ಒಬ್ಬ ಸೆಂಟರ್. ಓಡಿದರೆ ಯಾರೋ ಬೀರು ತಳ್ಳಿಕೊಂಡು ಹೋದಂತೆ ಕಾಣುತ್ತಿದ್ದ. ಅವನನ್ನು ಮಾವ 'ದೊಡ್ಡಾವ' ಎನ್ನುತ್ತಿದ್ದರು. ನನ್ನ ಗಾರ್ಡಿಗೆ 'ಮಿಂಚುಳ', ಅಂದರೆ ಮಿಂಚುಹುಳ, ಎಂದು ಹೆಸರಿಟ್ಟರು. ಅಂದಿನಿಂದ ಮನೆಯಲ್ಲಿ ಯಾರೂ ಆ ಇಬ್ಬರ ನಿಜ ಹೆಸರು ಹೇಳಲಿಲ್ಲ.

"ನಿನ್ನ ಮಿಂಚುಳ ಚಲೋ ಆಡ್ತಾನ, ನಾ ಇಲ್ಲ ಅನ್ನಂಗಿಲ್ಲ," ಎನ್ನುತ್ತಿದ್ದರು. "ಆದ್ರ ಅಂವ ಬೆಂಚಿಗೆ ಹೋಗಿ ಕುಂತ್ರ ಉಳದಾವ್ರು ಹೆಂಗೋ ಆಡ್ತಾರ. ದೊಡ್ಡಾವ ಕುಂತಾಗ ಆ ನಾಕು ಮಂದಿ ಮಾರಿ ನೋಡು. ಅವ್ವ ಸಂತಿಗೆ ಹೋದಾಗ ಹುಡುಗೂರು ನಿಂತಂಗ ನಿಂತಿರತಾರ."

"ಮಾರಿ ನೋಡಿ ಯಾರೂ ಬಿರುದು ಕೊಡಲ್ಲ ಮಾವ. ಗೆಲುವು ನೋಡಿ. ಮಿಂಚುಳನ ಟೀಮು ಮೊದಲನೇ ಸ್ಥಾನದಲ್ಲಿದೆ."

"ಟೀಮು ಮೊದಲನೇದಿದ್ರ ಬಿರುದು ಟೀಮಿಗೆ ಕೊಡ್ಲಿ."

ಒಮ್ಮೆ ನಾನು ಆ ಬಿರುದನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿ, 'ಅತ್ಯಂತ ಬೆಲೆಬಾಳುವ ಆಟಗಾರ' ಎಂದೆ. ಮಾವ ಕಾಫಿ ನೆತ್ತಿಗೇರುವಷ್ಟು ನಕ್ಕರು. "ಬ್ಯಾಡವಾ, ಎಮ್ಮಿ ವ್ಯಾಪಾರ ಮಾಡಿದಂಗ ಕೇಳ್ತೈತಿ. ಎಂ.ವಿ.ಪಿ. ಅಂತನ ಇರ್ಲಿ."

ನನ್ನ ಗಂಡನಿಗೆ ಇದರಲ್ಲಿ ಆಸಕ್ತಿ ಇರಲಿಲ್ಲ. ಅವನು ವಲ್ಲಾರ್ಪಾಡಂನ ಕಂಟೇನರ್ ಬಂದರಿನಲ್ಲಿ ಎಂಜಿನಿಯರ್. ತಿರುವನಂತಪುರದಲ್ಲೇ ಹುಟ್ಟಿ ಬೆಳೆದವನು. ತಂದೆ ತಾಯಿಯ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತಿತ್ತು. ನನ್ನೊಂದಿಗೆ ಇಂಗ್ಲಿಷು. ನಾವಿಬ್ಬರೂ ಕೊಚ್ಚಿಯಲ್ಲಿ ಬಾಡಿಗೆ ಮನೆ ಮಾಡಿದೆವು. ಅದರ ಬಾಲ್ಕನಿಯಿಂದ ಬಂದರಿನ ಕ್ರೇನುಗಳು ಕಾಣುತ್ತಿದ್ದವು. ನನ್ನ ಕೆಲಸ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ. ಬೆಳಿಗ್ಗೆ ಪಂದ್ಯ ಮುಗಿಯುವ ಹೊತ್ತಿಗೂ ನಾನು ಕಂಪನಿಯ ಬಸ್ಸಿಗೆ ಕಾಯುವ ಹೊತ್ತಿಗೂ ಸರಿಹೋಗುತ್ತಿತ್ತು. ಆಗ ಮಾವನ ಫೋನು ಬರುತ್ತಿತ್ತು. 'ಹಲೋ' ಇಲ್ಲ, 'ಕ್ಷೇಮವೇ' ಎಂಬ ಮಾತಿಲ್ಲ. "ನೋಡಿದ್ಯಾ ಇವತ್ತ?" ಎಂದೇ ಶುರು. ಬಸ್ಸು ಬರುವ ತನಕ ವಾದ.

ನನ್ನ ಮದುವೆ ಹೇಗೆ ಮುರಿಯಿತೆಂದು ಕೇಳಿದವರಿಗೆ ಹೇಳಲು ನನ್ನಲ್ಲಿ ದೊಡ್ಡ ಕಥೆಯಿಲ್ಲ. ಯಾರೂ ಯಾರಿಗೂ ಹೊಡೆಯಲಿಲ್ಲ, ಮೋಸ ಮಾಡಲಿಲ್ಲ. ಅವನು ಮನೆಗೆ ಬಂದರೆ ನಾನು ಇನ್ನೊಂದು ಕೋಣೆಗೆ ಹೋಗುತ್ತಿದ್ದೆ, ನಾನು ಬಂದರೆ ಅವನು. ಒಂದು ದಿನ ಊಟದ ಮೇಜಿನಲ್ಲಿ ಅವನೇ ಮೆಲ್ಲಗೆ, "ನಾವಿಬ್ಬರೂ ಸುಮ್ಮನೆ ಸಹಿಸಿಕೊಂಡು ಇದ್ದೀವಿ, ಅಲ್ವಾ?" ಎಂದ. ಅದನ್ನು ಹೇಳಲು ಕನ್ನಡವನ್ನೇ ಆರಿಸಿಕೊಂಡಿದ್ದ. ನನಗೆ ಅಳು ಬಂತು, ಅವನಿಗೂ ಬಂತು. ಇಬ್ಬರೂ ಒಪ್ಪಿ ವಿಚ್ಛೇದನ ಪಡೆದೆವು. ನಾನು ಕೊಚ್ಚಿಯ ಅಂಚಿನ ಕಳಮಶ್ಶೇರಿಯಲ್ಲಿ ಸಣ್ಣದೊಂದು ಫ್ಲಾಟಿಗೆ ಬಂದೆ.

ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಅವರನ್ನು ನಾನು ದೂರಲಾರೆ. ಮಗನ ಮನೆ ಒಡೆದ ದುಃಖ ಅವರಿಗೆ, ಅದನ್ನು ಎಲ್ಲಾದರೂ ಇಳಿಸಬೇಕಿತ್ತು. ಮಾವನ ಫೋನೂ ನಿಂತಿತು. ಹೊಸ ಸೀಸನ್ ಶುರುವಾದರೂ ನಾನು ಪಂದ್ಯ ಹಚ್ಚಲಿಲ್ಲ. ಬೆಳಿಗ್ಗೆ ಮೆಟ್ರೋ ಕಂಬದ ಕೆಳಗೆ ನಿಂತು ಬಸ್ಸಿಗೆ ಕಾಯುವಾಗ, ಸುಮ್ಮನೆ ಫೋನು ಕೈಯಲ್ಲಿ ಹಿಡಿದಿರುತ್ತಿದ್ದೆ. ಗಂಡನಿಗಿಂತ ಹೆಚ್ಚಾಗಿ ಅವನ ಅಪ್ಪ ಇಲ್ಲದ್ದು ಕಾಡುತ್ತದೆ ಎಂದು ಯಾರ ಹತ್ತಿರ ಹೇಳುವುದು? ನನ್ನ ತಾಯಿಗೂ ಹೇಳಲಿಲ್ಲ.

ತುಂತುರು ಬೀಳುತ್ತಿದ್ದ ಒಂದು ಬೆಳಿಗ್ಗೆ ಫೋನು ಬಂತು. ಅವರ ಹೆಸರು ನೋಡಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ.

"ದೊಡ್ಡಾವ ಇವತ್ತ ಹೆಂಗ ಆಡ್ದಾ ನೋಡಿದ್ಯಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅವರು ಕಾದರು.

"ಇಲ್ಲ ಮಾವ. ನೋಡೋದು ಬಿಟ್ಟುಬಿಟ್ಟಿದ್ದೀನಿ." ಆಮೇಲೆ ಕೇಳಿಯೇಬಿಟ್ಟೆ: "ನಾನು ಇನ್ನೂ ಮಾವ ಅನ್ನಬಹುದಾ?"

"ನಾ ನಿನ್ನ ಮಾವ ಅಲ್ಲಂತ ಯಾವ ಕೋರ್ಟ್ ಹೇಳೈತಿ?" ಅವರ ದನಿ ಗಡುಸಾಗಿತ್ತು. "ಕೋರ್ಟು ನಿಮ್ಮಿಬ್ಬರದು ಮುಗಿಸೈತಿ. ನಮ್ಮಿಬ್ಬರದು ಮುಗಿಸಿಲ್ಲ. ನಾಳಿ ನೋಡು, ನೋಡಿ ನಿಂತಿರು. ನಾ ಫೋನ್ ಮಾಡ್ತೀನಿ."

ಮಾಡಿದರು. ದಿನಾ ಮಾಡಿದರು. ಮನೆಯೊಳಗಿಂದಲೇ, ಅತ್ತೆಗೆ ಕೇಳುವ ಹಾಗೆಯೇ ಮಾತಾಡುತ್ತಿದ್ದರು. ಹಿಂದಿನಿಂದ ಪಾತ್ರೆಗಳ ಸದ್ದು ಬೇಕೆಂದೇ ಜೋರಾಗುತ್ತಿತ್ತು. ಮಾವ ದನಿಯನ್ನು ಇನ್ನೂ ಒಂದಿಷ್ಟು ಏರಿಸುತ್ತಿದ್ದರು.

ಮುಂದೊಮ್ಮೆ ಕಂಪನಿಯ ಕೆಲಸಕ್ಕೆ ನಾನು ತಿರುವನಂತಪುರಕ್ಕೆ ಹೋಗಬೇಕಾಯಿತು. ಹೇಳಿದೆ. ಮನೆಗೆ ಬಾ ಎನ್ನಲು ಅವರಿಗೂ ಆಗಲಿಲ್ಲ, ಬರುತ್ತೇನೆ ಎನ್ನಲು ನನಗೂ ಆಗಲಿಲ್ಲ. "ಕಾಲೇಜಿನ ಕೋರ್ಟಿಗೆ ಬಾ. ಸಂಜಿಗೆ ಹುಡುಗ್ಯಾರು ಆಡ್ತಾರ," ಎಂದರು. ಅವರ ಮನೆಯ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೈದಾನಕ್ಕೆ ಅವರು ನಿವೃತ್ತರಾದಾಗಿನಿಂದ ಹೋಗುತ್ತಿದ್ದರು. ಹುಡುಗಿಯರೆಲ್ಲ ಅಂಕಲ್ ಅಂಕಲ್ ಎನ್ನುತ್ತಿದ್ದರು.

ನಾವು ಸಿಮೆಂಟಿನ ಮೆಟ್ಟಿಲ ಮೇಲೆ ಕೂತೆವು. ಗೇಟಿನ ಬಳಿಯ ಅಂಗಡಿಯಿಂದ ಚಾಯ, ಇನ್ನೂ ಬಿಸಿಯಿದ್ದ ಬಾಳೆಹಣ್ಣಿನ ಪಳಂಪೊರಿ ತಂದಿದ್ದರು. ಅವರು ತೆಳ್ಳಗಾಗಿದ್ದರು. ಅಂಗಿಯ ಕಾಲರು ಕತ್ತಿನಿಂದ ದೂರ ನಿಂತಿತ್ತು. ಹುಡುಗಿಯರು ಎರಡು ಟೀಮಾಗಿ ಅಭ್ಯಾಸದ ಪಂದ್ಯ ಶುರುಮಾಡಿದರು.

"ಇವತ್ತಿನ ಎಂ.ವಿ.ಪಿ. ನಾವು ಆರಿಸೂಣು," ಎಂದರು ಮಾವ.

ಎತ್ತರದ, ಉದ್ದ ಜಡೆಯ ಹುಡುಗಿಯೊಬ್ಬಳು ಒಂದರ ಮೇಲೊಂದು ಬ್ಯಾಸ್ಕೆಟ್ ಹಾಕುತ್ತಿದ್ದಳು. ನಾನು ಅವಳೆಂದೆ. ಮಾವ ಒಪ್ಪಲಿಲ್ಲ. ಅವರು ತೋರಿಸಿದ್ದು ಕನ್ನಡಕವನ್ನು ದಾರದಿಂದ ತಲೆಗೆ ಕಟ್ಟಿಕೊಂಡಿದ್ದ ಗುಜ್ಜಾರಿ ಹುಡುಗಿಯನ್ನು. ಅವಳು ಚೆಂಡು ಮುಟ್ಟಿದ್ದೇ ಕಡಿಮೆ. ಎದುರಾಳಿಯ ದಾರಿಗೆ ಅಡ್ಡವಾಗಿ ಕಂಬದಂತೆ ನಿಲ್ಲುವುದು, ಜಡೆಯವಳಿಗೆ ಜಾಗ ಮಾಡಿಕೊಡುವುದು, ಡಿಕ್ಕಿ ಹೊಡೆಸಿಕೊಂಡು ಬೀಳುವುದು, ಏಳುವುದು, ಇಷ್ಟೇ ಅವಳ ಆಟ. ನಾನು ಜಗ್ಗಲಿಲ್ಲ. ಅಂಥ ಜಾಗ ಸಿಕ್ಕರೂ ಬ್ಯಾಸ್ಕೆಟ್ ಹಾಕಲು ಕೈ ಬೇಕಲ್ಲ ಎಂದೆ. ಸ್ವಲ್ಪ ಜೋರಾಗಿಯೇ ಜಗಳವಾಡಿದೆವು. ಬಹಳ ದಿನಗಳ ಮೇಲೆ ಅವರ ಎದುರು ಕೂತು ಜಗಳವಾಡಿದ ಖುಷಿಗೆ ಚಾಯ ಆರಿದ್ದೂ ತಿಳಿಯಲಿಲ್ಲ.

ಆಟ ಮುಗಿದ ಮೇಲೆ ಮಾವ ಎದ್ದು ಹೋಗಿ ಆ ಕನ್ನಡಕದ ಹುಡುಗಿಗೆ, "ಮೋಳೇ, ಇನ್ನತ್ತೆ ಎಂ.ವಿ.ಪಿ. ನೀಯಾ," ಎಂದರು. ಇವತ್ತಿನ ಎಂ.ವಿ.ಪಿ. ನೀನು ಮಗಳೇ, ಎಂದು. ಅವಳು ಮೊದಲು ನಕ್ಕಳು, ನಾನು ಒಂದೂ ಬ್ಯಾಸ್ಕೆಟ್ ಹಾಕಿಲ್ಲವಲ್ಲ ಅಂಕಲ್ ಎಂದಳು. ಮಾವ ನಗಲಿಲ್ಲ. ಅವಳು ಯಾವ ಯಾವ ಹೊತ್ತಿಗೆ ಎಲ್ಲಿ ನಿಂತಿದ್ದಳು, ಅದರಿಂದ ಏನಾಯಿತು ಎಂದು ಮಲಯಾಳದಲ್ಲಿ ವಿವರಿಸತೊಡಗಿದರು. ಅವಳ ನಗು ನಿಂತಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ, ಒಂದು ಮಾತೂ ಬಿಡದೆ ಕೇಳಿಸಿಕೊಂಡಳು.

ಹಿಂದಿರುಗಿ ಬಂದು ಕೂತ ಮಾವ ಸ್ವಲ್ಪ ಹೊತ್ತಿನ ಮೇಲೆ, "ನೋಡವಾ, ಚಲೋ ಆಟಗಾರರಿಬ್ಬರು ಒಮ್ಮೊಮ್ಮೆ ಒಂದ ಟೀಮಿನ್ಯಾಗ ಹೊಂದಂಗಿಲ್ಲ. ಹಂಗಂತ..." ಎಂದು ಶುರುಮಾಡಿದರು.

ನಾನು ತಡೆದೆ. "ಮಾವ, ದಯವಿಟ್ಟು. ಎಲ್ಲಾನೂ ಬ್ಯಾಸ್ಕೆಟ್‌ಬಾಲ್ ಮಾಡಬೇಡಿ."

ಅವರು ಖಾಲಿ ಲೋಟವನ್ನು ಕೈಯಲ್ಲಿ ಹೊರಳಿಸಿದರು. "ಖರೇ ಐತಿ. ಇದು ಆಟ ಅಲ್ಲ," ಎಂದರು. ಆಮೇಲೆ ನನ್ನ ಕಡೆ ನೋಡದೆ, "ನೀ ಮನ್ಯಾಗ ಬರೋದು ನಿಂತಿದ್ದು ನನಗ ಭಾಳ ತ್ರಾಸ ಆಗೈತಿ. ಯಾರ ಮುಂದೂ ಹೇಳಿಲ್ಲ," ಎಂದರು.

ನಮ್ಮಿಬ್ಬರ ನಡುವೆ ಆ ವಿಷಯ ಬಂದದ್ದು ಅದೊಂದೇ ಸಲ.

ಮುಂದಿನ ಸೀಸನ್ ಅರ್ಧಕ್ಕೆ ಬಂದಾಗ ಫೋನು ಬರುವುದು ನಿಂತಿತು. ನಾನು ಮಾಡಿದರೆ ಯಾರೂ ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ಆ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ಅತ್ತೆ.

"ನಾನವಾ." ವಿಚ್ಛೇದನವಾದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು. "ಇವರಿಗೆ ಪಾರ್ಶ್ವವಾಯು ಹೊಡದೈತಿ. ದವಾಖಾನಿಯಿಂದ ಮನಿಗೆ ಕರಕೊಂಡು ಬಂದೀವಿ. ಎಲ್ಲಾ ತಿಳಿತೈತಿ, ಬಾಯಿ ಬರವಲ್ದು. ಬೆಳಿಗ್ಗೆ ಎದ್ದ ಕೂಡ್ಲೆ ಆ ಟಿವಿ ಕಡೆ ನೋಡ್ತಾರ. ಹಚ್ಚಿದ್ರ ಫೋನ್ ಕಡೆ ನೋಡ್ತಾರ. ನಾ ಏನ ಮಾಡ್ಲಿ? ನನಗ ಆ ಆಟ ತಿಳಿಯಂಗಿಲ್ಲ. ನೀನ ಮಾತಾಡು. ನಾ ಕಿವಿಗೆ ಹಿಡೀತೀನಿ."

ಹಾಗೆ ಆ ವರ್ಷದ ವಾದ ಮುಂದುವರಿಯಿತು. ಬೆಳಿಗ್ಗೆ ಅತ್ತೆ ಫೋನು ಮಾಡಿ ಮಾವನ ಕಿವಿಗೆ ಹಿಡಿಯುತ್ತಿದ್ದರು. ನಾನು ಮಿಂಚುಳನ ಪರ ಹೇಳುತ್ತಿದ್ದೆ. ಆ ಕಡೆಯಿಂದ ಉಸಿರಿನ ಸದ್ದು ಮಾತ್ರ. ಉತ್ತರವಿಲ್ಲದ ವಾದ ಬಹಳ ಕಷ್ಟ. ಎರಡೇ ದಿನದಲ್ಲಿ ಅವರ ಉತ್ತರವನ್ನೂ ನಾನೇ ಹೇಳತೊಡಗಿದೆ. "ನೀವು ಹೀಗೆ ಹೇಳ್ತೀರಿ ಅಂತ ಗೊತ್ತು ಮಾವ," ಎಂದು ಶುರುಮಾಡಿ ದೊಡ್ಡಾವನ ಪರ ಮಾತಾಡುತ್ತಿದ್ದೆ. ಅವರ ಹಾಗೆ ಯೋಚಿಸಲು ಅವರ ಹಾಗೆಯೇ ಆಟ ನೋಡಬೇಕಾಯಿತು. ಚೆಂಡನ್ನು ಬಿಟ್ಟು ಬೆಂಚನ್ನು, ಉಳಿದವರ ಕಾಲುಗಳನ್ನು ನೋಡಿದೆ. ಒಂದೊಂದು ದಿನ ಅವರ ಪಕ್ಷವೇ ಗೆದ್ದುಬಿಡುತ್ತಿತ್ತು. ಆಗ ಫೋನಿನಲ್ಲಿ ಗಂಟಲ ಆಳದಿಂದ ಒಂದು ಸದ್ದು ಬರುತ್ತಿತ್ತು. "ನಗಾಕತ್ತಾರ," ಎಂದು ಅತ್ತೆ ಹೇಳುತ್ತಿದ್ದರು.

ಅತ್ತೆಗೂ ಮೆಲ್ಲಮೆಲ್ಲಗೆ ಪ್ರಶ್ನೆಗಳು ಹುಟ್ಟಿದವು. "ಇದನ್ನ ಕೊಡೋರು ಯಾರವಾ?" ಎಂದರು ಒಂದು ದಿನ. ಪತ್ರಿಕೆಯವರು ಅತ್ತೆ, ಎಂದೆ. "ಪೇಪರಿನವ್ರಾ? ಆಡಿದವ್ರನ್ನ ಕೇಳೂದಿಲ್ಲಾ?" ಎಂದು ಅಚ್ಚರಿಪಟ್ಟರು.

ಬೇಸಿಗೆಯ ಬಿಸಿಲು ಏರುತ್ತಿದ್ದ ದಿನಗಳಲ್ಲಿ ಒಂದು ಶನಿವಾರ ಬೆಳಿಗ್ಗೆ ನಾನು ಶ್ರೀಕಾರ್ಯಂಗೆ ಹೋದೆ. ಬಾ ಎಂದವರು ಅತ್ತೆಯೇ. ಬಾಗಿಲು ತೆರೆದವನು ಅವರ ಮಗ. ಅಪ್ಪನ ಆರೈಕೆಗೆಂದು ರಜೆ ಹಾಕಿ ಬಂದಿದ್ದ. ನನ್ನ ಕೈಯಿಂದ ಚೀಲ ತೆಗೆದುಕೊಂಡ, ಬಾ ಎಂದ. ಮಾವನ ಮಂಚವನ್ನು ನಡುಮನೆಗೆ ತಂದು ಟಿವಿಯ ಎದುರು ಹಾಕಿದ್ದರು. ನನ್ನನ್ನು ಕಂಡು ಅವರ ಕಣ್ಣು ತುಂಬಿತು, ಬಾಯಿಯ ಒಂದು ಕಡೆ ಮಾತ್ರ ಅಲುಗಿತು. ನಾನು ಅವರ ಕೈ ಹಿಡಿದು ಕೂತೆ.

ಪಂದ್ಯ ನಡೆಯುತ್ತಿತ್ತು. ಅವರ ಮಗ ಮೋಡಾದ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ತೊಡರುಗನ್ನಡದಲ್ಲಿ, "ಇದರಲ್ಲಿ ಅಪ್ಪನ ಆಳು ಯಾರು?" ಎಂದು ಕೇಳಿದ.

ತೋರಿಸಿದೆ.

"ಅವನಾ? ಓಡೋಕೇ ಬರಲ್ವಲ್ಲ."

"ಅವನು ಬೆಂಚಿಗೆ ಹೋಗೋ ತನಕ ಕಾಯಿ. ಆಮೇಲೆ ಉಳಿದವರ ಮುಖ ನೋಡು."

ಅವನು ಕಾದ. ದೊಡ್ಡಾವ ಟವೆಲ್ ಹೊದ್ದು ಹೋಗಿ ಕೂತ. ಆಟ ಮುಂದುವರಿಯಿತು. ಅವರ ಮಗ ಮುಂದಕ್ಕೆ ಬಾಗಿ ನೋಡಿದ, ಬಹಳ ಹೊತ್ತು ನೋಡಿದ. "ಶರಿಯಾಣಲ್ಲೋ ಅಪ್ಪಾ," ಎಂದ. ನೀವು ಹೇಳಿದ್ದು ಸರಿಯಾಗಿಯೇ ಇದೆಯಲ್ಲ ಅಪ್ಪಾ, ಎಂದು. ನನ್ನ ಕೈಯೊಳಗಿದ್ದ ಮಾವನ ಕೈ ಬಿಗಿಯಾಯಿತು. ಅವರು ನನ್ನನ್ನು ನೋಡಲಿಲ್ಲ, ಟಿವಿಯನ್ನೂ ನೋಡಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಬಂದು ಕೂರದಿದ್ದ ಮಗನನ್ನು ನೋಡುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಬಂದು, ಕೈಯಲ್ಲಿ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಆ ಮನೆಯಲ್ಲಿ ನಾವು ನಾಲ್ವರೂ ಒಟ್ಟಿಗೆ ಒಂದು ಪಂದ್ಯ ನೋಡಿದ್ದು ಅಂದು ಮಾತ್ರ.

ಏಪ್ರಿಲ್‌ನಲ್ಲಿ ವಿಷು ಹಬ್ಬ ಕಳೆದ ಕೆಲವೇ ದಿನಕ್ಕೆ ಮಾವ ತೀರಿಕೊಂಡರು. ಬೆಳಗಿನ ಹೊತ್ತು, ಅತ್ತೆ ಕಾಫಿ ಕುಡಿಸಲು ಹೋದಾಗ ಉಸಿರಿರಲಿಲ್ಲ. ನಾನು ಹೋಗಿ ಹೆಂಗಸರ ನಡುವೆ ಗೋಡೆಯ ಪಕ್ಕ ಕೂತೆ. ಯಾವ ಸಂಬಂಧದಿಂದ ಅಲ್ಲಿ ಕೂತಿದ್ದೇನೆಂದು ನನಗೇ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಹೆಂಗಸೊಬ್ಬರು ಅತ್ತೆಯನ್ನು ಮೆಲ್ಲಗೆ ಕೇಳಿದರು, ಇವರು ಯಾರು ಎಂದು. "ನಮ್ಮಡೆ ಕುಟ್ಟಿಯಾ," ಎಂದರು ಅತ್ತೆ. ನಮ್ಮ ಹುಡುಗಿ. ನನ್ನ ಮೊಣಕೈ ಹಿಡಿದು ತಮ್ಮ ಪಕ್ಕಕ್ಕೆ ಎಳೆದು ಕೂರಿಸಿಕೊಂಡರು.

ಆ ಹೊತ್ತಿಗೆ ಅಮೆರಿಕದಲ್ಲಿ ಮತ ಹಾಕಿ ಮುಗಿದಿತ್ತು, ಫಲಿತಾಂಶ ಹೊರಬಿದ್ದಿರಲಿಲ್ಲ. ಅದು ಬಂದದ್ದು ಮೇ ತಿಂಗಳ ಒಂದು ಬೆಳಿಗ್ಗೆ. ನಾನು ಕಳಮಶ್ಶೇರಿಯ ಮೆಟ್ರೋ ಕಂಬದ ಕೆಳಗೆ ನಿಂತು ಫೋನಿನಲ್ಲಿ ನೋಡಿದೆ. ಮಿಂಚುಳನಿಗೆ ಬಂದಿತ್ತು. ಅಷ್ಟು ವರ್ಷ ವಾದ ಮಾಡಿದ್ದರ ಗೆಲುವು ನನಗೆ ಸಿಕ್ಕಿತ್ತು. ಒಂದು ಕ್ಷಣ ಮಾವನ ನಂಬರಿಗೆ ಬೆರಳು ಹೋಯಿತು. ನಾನು ಒತ್ತುವ ಮೊದಲೇ ಆ ಹೆಸರು ತಾನಾಗಿ ಮೂಡಿ ಫೋನು ಅದುರಿತು.

"ಇವತ್ತಲ್ಲೇನು ಹೇಳೋದು? ಯಾರಿಗೆ ಬಂತವಾ?" ಅತ್ತೆ ಕೇಳಿದರು.

"ಮಿಂಚುಳನಿಗೆ ಅತ್ತೆ. ನನ್ನವನಿಗೆ."

"ಇವರು ಇದ್ದಿದ್ರ ಇವತ್ತ ನಿನ್ನ ಬಿಡ್ತಿರಲಿಲ್ಲ," ಎಂದರು.

"ಬಿಡ್ತಿರಲಿಲ್ಲ ಅತ್ತೆ."

"ನೀನರ ಬಿಡ್ತಿದ್ದ್ಯಾ? ಬಸ್ ಬರೋ ತನಕ ಜಗಳಾಡ್ತಿದ್ರಿ ಇಬ್ರೂ." ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು. "ಬಸ್ ಬಂತೇನು?"

ಬಸ್ಸು ಬಂದು ನನ್ನೆದುರೇ ನಿಂತಿತ್ತು. ಬಾಗಿಲು ತೆರೆದಿತ್ತು, ಡ್ರೈವರ್ ನನ್ನನ್ನೇ ನೋಡುತ್ತಿದ್ದ. ನಾನು ಅವನಿಗೆ ಹೋಗೆಂದು ಕೈಯಾಡಿಸಿದೆ.

"ಇಲ್ಲ ಅತ್ತೆ," ಎಂದೆ, "ಇನ್ನೂ ಬಂದಿಲ್ಲ."